ಪಾನಕದ ದಿನ ಆಡಿದ ಮಾತು

ಆಸ್ಪತ್ರೆಯ ಆರೋಗ್ಯಶ್ರೀ ಯೋಜನೆಯ ಕೌಂಟರಿನ ಮುಂದೆ ಗಂಗೂಬಾಯಿ ಸೆರಗನ್ನು ಹಣೆಯ ತನಕ ಎಳೆದುಕೊಂಡು ನಿಂತಿದ್ದಳು. ಬಿಸಿಲಿಗಲ್ಲ, ಗುರುತಿನವರು ಯಾರಾದರೂ ಕಂಡಾರು ಅಂತ. ಗಂಡ ಜಯತೀರ್ಥನ ಹೃದಯದ ಕವಾಟ ಕೆಟ್ಟಿತ್ತು. ಆಪರೇಷನ್ ಆಗಲೇಬೇಕು, ತಿಂಗಳೊಪ್ಪತ್ತಿಗಿಂತ ತಡ ಬೇಡ ಎಂದಿದ್ದರು ಡಾಕ್ಟರು. ಅಷ್ಟು ದೊಡ್ಡ ಖರ್ಚು ಸರಕಾರ ಹೊರಬೇಕಾದರೆ ಬಡವರಿಗೆ ಕೊಡುವ ಬಿಳಿ ರೇಷನ್ ಕಾರ್ಡು ಬೇಕು. ಅದಕ್ಕೆ ಜಯತೀರ್ಥ ಅರ್ಜಿ ಹಾಕಿ ವರ್ಷ ಕಳೆದಿತ್ತು.

ಕೌಂಟರಿನ ಹುಡುಗಿ ಶ್ರೀಲಕ್ಷ್ಮಿ ಅರ್ಜಿಯ ನಂಬರು ಒತ್ತಿ ನೋಡಿ, ತೆಲುಗಿನಲ್ಲಿ ಕೇಳಿದಳು. “ಅಮ್ಮಾ, ಇದನ್ನ ಏಪ್ರಿಲ್‌ನಲ್ಲೇ ಮುಚ್ಚಿದ್ದಾರೆ. ಮನೆಯವರೇ ಬೇಡ ಅಂದರು ಅಂತ ಬರೆದಿದೆ. ಯಾರಮ್ಮಾ ಬೇಡ ಅಂದದ್ದು?”

ಗಂಗೂಬಾಯಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

“ಹೋಗಲಿ ಬಿಡಿ. ವಾರ್ಡ್ ಆಫೀಸಿಗೆ ಹೋಗಿ ಮತ್ತೆ ತೆರೆಸಿ. ವಿಚಾರಣೆಗೆ ಬರುತ್ತಾರೆ. ಅಕ್ಕಪಕ್ಕದ ಇಬ್ಬರ ಸಹಿ ಇಟ್ಟುಕೊಂಡಿರಿ, ನಿಮ್ಮ ಸ್ಥಿತಿ ಹೀಗಿದೆ ಅಂತ. ಬೇಗ ಮಾಡಿ ಅಮ್ಮಾ.”

ದೂರದ ಬೆಂಚಿನಲ್ಲಿ ಎದೆ ನೀವಿಕೊಳ್ಳುತ್ತ ಕೂತಿದ್ದ ಜಯತೀರ್ಥ ಕೇಳಿದ. “ಏನಂತ?”

“ವಿಚಾರಣಿ ಇನ್ನೂ ನಡದದ ಅಂತ.”

“ಭಾಳ ನಿಧಾನ ಬಿಡು ಇವರದು” ಎಂದು ಅವನು ಸರಕಾರವನ್ನು ಬೈದ. ಅವಳು ಬೈಸಿಕೊಂಡಳು, ಸರಕಾರದ ಪರವಾಗಿ.

ಆದದ್ದು ಇಷ್ಟು. ಕೂಕಟ್‌ಪಲ್ಲಿಯ ಅವರ ಬಿಲ್ಡಿಂಗಿನಲ್ಲಿ ಕನ್ನಡದವರ ಮನೆಗಳೇ ಹೆಚ್ಚು. ಬಹಳ ಮಂದಿ ಕೇಂದ್ರ ಸರಕಾರದ ಫ್ಯಾಕ್ಟರಿಗಳಲ್ಲಿ ದುಡಿದು ರಿಟೈರಾದವರು. ಜಡ್ಡು ಬಂದರೆ ನೌಕರಿಯ ಆರೋಗ್ಯ ಕಾರ್ಡು ತೋರಿಸಿ, ಮಾವನ ಮನೆಗೆ ಹೋದಂತೆ ಆಸ್ಪತ್ರೆಗೆ ಹೋಗಿಬರುವವರು. ಜಯತೀರ್ಥ ಮಾತ್ರ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅದು ಮುಚ್ಚಿದ ಮೇಲೆ ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಕೂತು ಬಂದುಹೋಗುವವರ ಹೆಸರು ಬರೆಯುವ ಕೆಲಸ. ಮನೆಯಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟು, ಅಲ್ಲಿ ಹೋಗಿ ಕಾವಲಿನ ಅಂಗಿ ತೊಡುತ್ತಿದ್ದ. “ಆಫೀಸಿಗೆ ಹೋಗ್ಯಾರ” ಎನ್ನುತ್ತಿದ್ದಳು ಗಂಗೂಬಾಯಿ. ಅವಳು ಮಾರುವ ಚಟ್ನಿಪುಡಿಯೂ “ಹೊತ್ತು ಹೋಗಬೇಕಲ್ರೀ, ಅದಕ್ಕ.”

ಆ ಏಪ್ರಿಲ್‌ನಲ್ಲಿ ಚೈತ್ರಗೌರಿಯ ಅರಿಶಿನ ಕುಂಕುಮಕ್ಕೆ ಅವಳ ಮನೆಗೆ ಬಂದ ಹನ್ನೊಂದು ಮಂದಿ ಹೆಂಗಸರು ಜಮಖಾನದ ಮೇಲೆ ಕೂತು ಕೋಸಂಬರಿ ತಿನ್ನುತ್ತಿದ್ದರು. ಆಗಲೇ ಬಾಗಿಲಿಗೆ ಬಂದಳು ವಾರ್ಡ್ ಆಫೀಸಿನ ಹುಡುಗಿ, ಕೈಯಲ್ಲಿ ಟ್ಯಾಬು. “ಜಯತೀರ್ಥ ಅವರ ಮನೆ ಇದೇನಾ? ಬಿಳಿ ಕಾರ್ಡಿಗೆ ಹಾಕಿದ್ದೀರಲ್ಲ, ತಿಂಗಳಿಗೆ ಎಷ್ಟು ಬರುತ್ತೆ?” ಕೋಸಂಬರಿ ತಿನ್ನುವ ಕೈಗಳೆಲ್ಲ ನಿಂತವು.

ಗಂಗೂಬಾಯಿ ನಕ್ಕಳು. “ಅಯ್ಯ, ಯಾರೋ ತಪ್ಪಿ ಹಾಕ್ಯಾರವ್ವಾ. ನಮಗ್ಯಾಕ ಬೇಕು ಆ ಕಾರ್ಡು? ನಮ್ಮವರಿಗೆ ಕಂಪನೀದ ಕಾರ್ಡು ಅದ.” ಇದನ್ನೇ ತೆಲುಗಿನಲ್ಲಿಯೂ ಹೇಳಿದಳು. ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದೆಂದು ಕುಂಕುಮ ಹಚ್ಚಿ, ನೆನೆಸಿದ ಕಡಲೆ ಕೊಟ್ಟು, ಪಾನಕ ಕುಡಿಸಿ ಕಳಿಸಿದಳು. ಬರಿಗೈಲಿ ಉಳಿದವಳು ತಾನೇ.

ಈಗ, ಆಸ್ಪತ್ರೆಯಿಂದ ಬಂದ ಮರುದಿನ, ವಾರ್ಡ್ ಆಫೀಸಿಗೆ ಹೋಗಿ ಅರ್ಜಿ ತೆರೆಸಿ ಬಂದಳು. ಸಹಿಯ ಕಾಗದ ಮಡಚಿಟ್ಟುಕೊಂಡು ಎರಡು ದಿನ ಮೆಟ್ಟಿಲ ತನಕ ಹೋಗಿ ತಿರುಗಿ ಬಂದಳು. ಎರಡನೆಯ ರಾತ್ರಿಯೆಲ್ಲ ಜಯತೀರ್ಥ ಉಸಿರಿಗಾಗಿ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದ. ಮೂರನೆಯ ದಿನ ಚಟ್ನಿಪುಡಿಯ ಡಬ್ಬಿಯೊಂದನ್ನು ನೆಪಕ್ಕೆ ಹಿಡಿದು ಮೇಲಿನ ಮನೆಯ ಕಮಲಾಕ್ಷಿಯ ಬಾಗಿಲು ತಟ್ಟಿದಳು.

“ಬನ್ನಿ ಬನ್ನಿ” ಎಂದರು ಮೈಸೂರು ಕಡೆಯ ಕಮಲಾಕ್ಷಿ. “ನಮ್ಮವರು ಈಗ ಇಡ್ಲಿಗೆ ಪುಡಿ ನಂಚ್ಕೊಳ್ಳಲ್ಲ, ಪುಡಿಗೇ ಇಡ್ಲಿ ನಂಚ್ಕೊಳ್ತಾರೆ!”

ಗಂಗೂಬಾಯಿಗೆ ನಗು ಬರಲಿಲ್ಲ. ಕಾಗದ ಮುಂದಿಟ್ಟಳು. ಕಮಲಾಕ್ಷಿ ಕನ್ನಡಕ ಹುಡುಕಿ ನಿಧಾನವಾಗಿ ಓದಿದರು.

“ಅವತ್ತ ಅರಿಶಿನ ಕುಂಕುಮಕ್ಕ ನಾ ಅಂದದ್ದು ಸುಳ್ಳರಿ, ಕಮಲಾಕ್ಷಿಯವರ.”

“ಗೊತ್ತಿತ್ತು.”

“ಯಾರಿಗೆ?”

“ಎಲ್ರಿಗೂ. ನಮ್ಮವರು ಮಿಯಾಪುರದಲ್ಲಿ ತಂಗಿ ಮನೆಗೆ ಹೋದಾಗ ಗೇಟಲ್ಲಿ ಹೆಸರು ಬರ್ಕೊಂಡವರೇ ಜಯತೀರ್ಥರು. ಇಬ್ಬರೂ ಗುರುತಿಲ್ಲದವರ ಹಾಗೆ ಇದ್ದುಬಿಟ್ರಂತೆ.”

ಜಯತೀರ್ಥ ಇದನ್ನು ಮನೆಯಲ್ಲಿ ಆಡಿರಲಿಲ್ಲ. ಗಂಗೂಬಾಯಿ ಸೆರಗಿನ ಅಂಚು ಹಿಡಿದು ಕೂತಳು. “ಗೊತ್ತಿದ್ದೂ ಅವತ್ತ ಸುಮ್ಮನಿದ್ರಲ್ರೀ.”

“ನೀವು ಅಷ್ಟು ಜೋರಾಗಿ ಹೇಳ್ತಿದ್ರಿ. ನಾನು ಬಾಯ್ತುಂಬ ಕೋಸಂಬರಿ ಇಟ್ಕೊಂಡು ಕೂತೆ. ಮರ್ಯಾದೆ ಉಳಿಸ್ತಿದ್ದೀನಿ ಅಂದ್ಕೊಂಡೆ” ಎಂದರು ಕಮಲಾಕ್ಷಿ. ತಾವು ಸಹಿ ಹಾಕಿ, ಒಳಗೆ ಹೋಗಿ ಗಂಡ ಸುಬ್ಬರಾಯರದ್ದೂ ಹಾಕಿಸಿ ತಂದರು. ಡಬ್ಬಿಗೆ ರೊಕ್ಕ ಕೊಡಲು ಬಂದಾಗ ಗಂಗೂಬಾಯಿ ಬೇಡವೆನ್ನಲು ಬಾಯಿ ತೆರೆದು, ಆ ಮಾತಿಗೇ ಹೆದರಿ, ಕೈ ಚಾಚಿ ಇಸಿದುಕೊಂಡಳು.

ಕಮಲಾಕ್ಷಿ ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಹನ್ನೊಂದು ಮಂದಿಯಲ್ಲಿ ಒಬ್ಬರೂ ಅವಳ ಮಾತು ನಂಬಿರಲಿಲ್ಲ. ನಂಬಿದವಳು ಟ್ಯಾಬು ಹಿಡಿದ ಆ ಹುಡುಗಿ ಒಬ್ಬಳೇ. ನಂಬಬಾರದಾಗಿದ್ದವಳೂ ಅವಳೇ.

ನಾಲ್ಕನೆಯ ದಿನ ಅದೇ ಹುಡುಗಿ ಬಂದಳು. ಜಯತೀರ್ಥ ಮಂಚದ ಮೇಲೆ ಕೂತಿದ್ದ. “ನೆನಪಿದೆ, ಪಾನಕ ಕೊಟ್ಟಿದ್ದಿರಿ” ಎಂದಳು ಹುಡುಗಿ. “ಅವತ್ತು ಬೇಡ ಅಂದಿರಿ. ಈಗ ಬೇಕಂತೀರಿ. ಏನಂತ ಬರೀಲಿ?”

ಗಂಡನ ತಲೆ ಮೆಲ್ಲಗೆ ಇತ್ತ ತಿರುಗಿದ್ದು ಗಂಗೂಬಾಯಿಗೆ ನೋಡದೆಯೇ ತಿಳಿಯಿತು.

“ಅವತ್ತು ಮಂದಿ ಮುಂದೆ ನಾಚಿಕೆಯಾಗಿ ಸುಳ್ಳು ಹೇಳಿದೆನಮ್ಮಾ. ಇವರು ಗೇಟು ಕಾಯುತ್ತಿದ್ದರು, ಈಗ ಅದೂ ಇಲ್ಲ. ನಮಗೆ ಬೇಕು” ಎಂದಳು ತೆಲುಗಿನಲ್ಲಿ. ಆಮೇಲೆ ಗಂಡನ ಕಡೆ ತಿರುಗಿ ಕನ್ನಡದಲ್ಲಿ, “ನಾನೇ ಬೇಡ ಅಂದಿದ್ದೆ.”

ಹುಡುಗಿ ಬರೆದುಕೊಂಡಳು. ಸಹಿಗಳ ಫೋಟೊ ತೆಗೆದಳು. ಆಸ್ಪತ್ರೆಯ ಚೀಟಿ ನೋಡಿ, ಇವತ್ತೇ ಮೇಲಕ್ಕೆ ಕಳಿಸುತ್ತೇನೆ ಎಂದು ಹೋದಳು.

ಜಯತೀರ್ಥ ಎದೆ ನೀವಿಕೊಳ್ಳುತ್ತ ಅವಳು ಹೋದ ಬಾಗಿಲ ಕಡೆ ನೋಡಿದ. ಆಮೇಲೆ ಕೇಳಿದ. “ಅವತ್ತ ಎಷ್ಟು ಮಂದಿ ಕೂತಿದ್ರು?”

“ಹನ್ನೊಂದು.”

“ನಾ ಒಬ್ಬರ ಮುಂದನೂ ಖರೇ ಹೇಳಲಿಲ್ಲ” ಎಂದ. “ಸುಬ್ಬರಾಯರು ಅಂತ ಗೇಟಿನ ರಿಜಿಸ್ಟರಿನ್ಯಾಗ ಬರಕೊಂಡೆ, ತಲಿ ಎತ್ತಲಿಲ್ಲ.”

ಗಂಗೂಬಾಯಿ ಎದ್ದು, ಅವನ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟಳು.