ಟ್ಯಾಂಕರ್ ಓಡಿಸುವ ವರ

ಹುಡುಗಿಯ ತಾಯಿ ಅನುಸೂಯಾಬಾಯಿ ಕೊಟ್ಟ ಸ್ಟೀಲಿನ ತಂಬಿಗೆಯನ್ನು ತುಟಿಯವರೆಗೆ ತಂದ ಅಶ್ವಜಿತ ಅಲ್ಲೇ ತಡೆದ. ನಾತ ಮೂಗಿಗೆ ಬಡಿದಿತ್ತು. ಸುಟ್ಟ ರಬ್ಬರಿಗೆ ಸೋಡಾ ಕಲಸಿದಂಥ ಆ ನಾತವನ್ನು ಅವನು ನಿದ್ದೆಯಲ್ಲಿಯೂ ಗುರುತು ಹಿಡಿಯಬಲ್ಲ. ಬಗ್ಗಿ ನೋಡಿದ. ನೀರಿಗೆ ತೆಳು ನೇರಳೆ ಬಣ್ಣ, ಮೇಲೆ ಎಣ್ಣೆಯಂಥ ಪೊರೆ.

"ಬಣ್ಣ ನೋಡಿ ಅಂಜಬ್ಯಾಡ್ರಿ. ಅರಿವಿಲೆ ಮೂರು ಸಲ ಸೋಸೀನಿ, ಕಾಸೀನಿ. ದೀಪಾವಳಿಯಿಂದ ನಮ್ಮ ಬಾವಿ ನೀರು ಹಿಂಗೇ ಬರ್ಲಿಕತ್ತದ," ಎಂದಳು ಅನುಸೂಯಾಬಾಯಿ.

ಕನ್ಯೆ ನೋಡಲು ಎಕಂಬಾಕ್ಕೆ ಬಂದವನು ಮೊದಲು ಕೊಟ್ಟ ನೀರನ್ನೇ ಕುಡಿಯದಿದ್ದರೆ ಸಂಬಂಧ ಅಲ್ಲಿಗೇ ಮುಗಿಯಿತು. ಅದರಲ್ಲೂ ಇವರ ಮನೆಗಳಲ್ಲಿ ನೀರು ಬೇಡವೆನ್ನುವುದು ಸಣ್ಣ ಮಾತಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಯಾರ್ಯಾರು ಹಾಗೆಂದು ಮುಖ ತಿರುವಿದರು ಎಂಬುದು ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ ತೂಗುಹಾಕಿದ ಯಾವ ಮನೆಗೂ ಮರೆತಿಲ್ಲ. ಅಶ್ವಜಿತನೂ ಅಂಥದೇ ಮನೆಯ ಮಗ. ಆದರೂ ತಂಬಿಗೆಯನ್ನು ಕೆಳಗಿಟ್ಟು, "ಹೊಟ್ಟಿ ಸರಿ ಇಲ್ರಿ," ಎಂದ.

ಹುಡುಗಿಯ ತಂದೆ ಕಾಶೀರಾಮ ಕಾಲಿನ ಕಜ್ಜಿ ಕೆರೆದುಕೊಳ್ಳುತ್ತ ತಂಬಿಗೆಯನ್ನೇ ನೋಡಿದ. ಜೊತೆಗೆ ಬಂದಿದ್ದ ಸೋದರಮಾವ ಪಂಢರಿ ಮಾನ ಉಳಿಸಲೆಂದು ಅದನ್ನೆತ್ತಿ ಗಟಗಟ ಕುಡಿದು ಮುಗಿಸಿದ. ಮಾವನ ಗಂಟಲು ಏರಿಳಿಯುವುದನ್ನು ನೋಡಲಾರದೆ ಅಶ್ವಜಿತ ಬಾಗಿಲ ಕಡೆ ತಿರುಗಿದ.

ಬೀದರಿನಲ್ಲಿ ನೌಬಾದದ ಆಚೆ ಬಟ್ಟೆಗೆ ಬಣ್ಣ ಹಾಕುವ ಒಂದು ಶೆಡ್ಡಿದೆ. ಅದರ ಹೊಲಸು ನೀರನ್ನು ಟ್ಯಾಂಕರಿಗೆ ತುಂಬಿಸಿಕೊಂಡು ಬಂದು ಡಾಬಕಾ ರಸ್ತೆಯ ಸೇತುವೆ ಕೆಳಗಿನ ಹಳ್ಳಕ್ಕೆ ಬಿಡುವುದು ಅಶ್ವಜಿತನ ಕೆಲಸ. ಹಳ್ಳ ಮಹಾರಾಷ್ಟ್ರದ ಕಡೆ ಹರಿಯುತ್ತದೆ, ನಮಗೇನು, ಎಂದು ಮಾಲೀಕ ಹೇಳಿದ್ದ. ಇವನು ನಂಬಿದ್ದ. ನಂಬಿದ್ದ ಅನ್ನುವುದೂ ಸುಳ್ಳೇ. ಎಲ್ಲಿಗೆ ಹರಿಯುತ್ತದೆಂದು ಇಳಿದು ನೋಡುವ ಗೋಜಿಗೇ ಹೋಗಿರಲಿಲ್ಲ. ಸಂಬಂಧ ಕುದುರಿಸುವಾಗ ಪಂಢರಿ ಮಾವ ನುಣ್ಣಗೆ ಹೇಳಿದ್ದು ಇಷ್ಟೇ: ಹುಡುಗ ನೀರಿನ ಟ್ಯಾಂಕರ್ ಓಡಿಸುತ್ತಾನೆ.

ವಿಶಾಖಾ ಅವಲಕ್ಕಿಯ ತಟ್ಟೆಗಳನ್ನು ತಂದು ಎಲ್ಲರ ಮುಂದಿಟ್ಟು, ಎದುರಿಗೆ ಕೂತಳು. ಭಾಲ್ಕಿಯಲ್ಲಿ ನರ್ಸಿಂಗ್ ಓದಿದವಳು. ಫೋಟೋ ನೋಡಿದ ದಿನದಿಂದ ಅಶ್ವಜಿತನಿಗೆ ಬೇರೆ ಹುಡುಗಿಯ ಮಾತೇ ಬೇಡವಾಗಿತ್ತು. ಫೋಟೋದಲ್ಲಿ ಇಲ್ಲದ್ದು ಈಗ ಕಂಡಿತು. ಅವಳ ಉಗುರಿನ ಸಂದಿಗಳಲ್ಲಿ ನೇರಳೆ ಬಣ್ಣ ಕೂತಿತ್ತು. ತನ್ನ ಕೆಲಸ ಇವಳ ಕೈಗೆ ಮೆತ್ತಿದೆ. ಥೂ, ಎಂಥ ಬದುಕು ನಂದು, ಅನ್ನಿಸಿತು ಅವನಿಗೆ.

"ನಮಗ ನಿಮ್ಮ ಕಡಿಂದ ಏನೂ ಬ್ಯಾಡ್ರಿ," ಎಂದ ಕಾಶೀರಾಮ. ಹುಡುಗನ ಕೆಲಸ ನೆನೆದು ಅವನ ಮುಖ ಮತ್ತೆ ಅರಳಿತ್ತು. "ನೀವು ಅಳಿಯಂದಿರಾಗಿ ವಾರಕ್ಕೊಂದು ಟ್ಯಾಂಕರ್ ಛಲೋ ನೀರು ತಂದ್ರ, ಇಡೀ ಓಣಿ ನಿಮ್ಮ ಹೆಸರು ಹೇಳ್ತದ."

"ತರ್ತಾನ್ರಿ! ತರ್ಲಾರ್ದ ಏನ್ ಮಾಡ್ತಾನ?" ಎಂದ ಪಂಢರಿ.

ವಿಶಾಖಾ ತಲೆಯೆತ್ತಿ ನೇರ ಅಶ್ವಜಿತನನ್ನೇ ಕೇಳಿದಳು. "ಖರೇನೇ ತರ್ತೀರೇನ್ರಿ, ನಮ್ಮೂರ ಕಡಿ?"

ಹೂಂ ಅಂದರೆ ಸಾಕಿತ್ತು. ಅಷ್ಟಕ್ಕೆ ಈ ಹುಡುಗಿ ತನ್ನವಳಾಗುತ್ತಿದ್ದಳು. ಪಂಢರಿ ಮಾವ ಮೊಣಕೈಯಿಂದ ತಿವಿಯುತ್ತಿದ್ದ. ಆದರೆ ಬಾಯಿ ತೆರೆದಾಗ ತನ್ನ ಉಸಿರಿಗೂ ಅದೇ ನಾತ ಹತ್ತಿದಂತೆನಿಸಿ ಅಶ್ವಜಿತನಿಗೆ ಅಸಹ್ಯವಾಯಿತು.

"ಈಗೂ ತರ್ಲಿಕತ್ತೇನ್ರಿ," ಎಂದ. "ಮಂಗಳವಾರ, ಶುಕ್ರವಾರ. ಮುಂಜಾನಿ ಡಾಬಕಾ ಸೇತುವಿ ಕೆಳಗ ಬಿಡ್ತೇನಿ."

ಪಂಢರಿಯ ಮೊಣಕೈ ನಿಂತಿತು. ಅನುಸೂಯಾಬಾಯಿಗೆ ಮಾತ್ರ ಹಿಗ್ಗು. "ಅಯ್ಯ, ಆ ಹಳ್ಳದ ದಂಡಿಮ್ಯಾಲೇ ನಮ್ಮ ಬಾವಿ ಅದರಿ! ಮೊದ್ಲೇ ಗೊತ್ತಿದ್ರ ಕೊಡ ತಗೊಂಡು ಬರ್ತಿದ್ವಲ್ರಿ!"

ವಿಶಾಖಾ ಅವನ ಮುಖವನ್ನೂ ತನ್ನ ನೇರಳೆ ಉಗುರುಗಳನ್ನೂ ನೋಡಿದಳು. ಆಮೇಲೆ ಎದ್ದು, ಯಾರೂ ಇನ್ನೂ ಕೈಹಚ್ಚದ ತಟ್ಟೆಗಳನ್ನು ಅವಲಕ್ಕಿ ಸಮೇತ ಒಂದರ ಮೇಲೊಂದು ಇಟ್ಟು, ಒತ್ತಿ ಹಿಡಿದು, ಒಳಗೆ ನಡೆದಳು.