ಚುಕ್ಕಿ ಇಟ್ಟ ಮೇಲೆ

ಅತ್ತಿಗೆ ಕೀಬೋರ್ಡಿನಲ್ಲಿ ಚುಕ್ಕಿ ಒತ್ತಿ, ಕೈ ಎತ್ತಿ ಕಾದಳು. ಏನೂ ಬರಲಿಲ್ಲ.

"ಯಾರಿಗೆ ಕಾಯ್ತಿದ್ದೀರಿ ಅತ್ತಿಗೆ? ಇಲ್ಲಿ ಯಾರೂ ಬರಲ್ಲ," ಎಂದಳು ಪಕ್ಕದಲ್ಲಿ ಕೂತಿದ್ದ ನಾದಿನಿ.

ಇಬ್ಬರದೂ ಒಂದೇ ಮನೆ, ಒಂದೇ ಆಫೀಸು, ಒಂದೇ ಜಗಳ. ಅತ್ತಿಗೆ ಪ್ರೋಗ್ರಾಂ ಬರೆಯುವುದು ಐಡಿಇ ಎಂಬ ತಂತ್ರಾಂಶದಲ್ಲಿ. ಅಲ್ಲಿ ಚುಕ್ಕಿ ಇಟ್ಟರೆ ಸಾಕು, ಮುಂದೆ ಬರಬಹುದಾದ ಹೆಸರುಗಳೆಲ್ಲ ಪಟ್ಟಿಯಾಗಿ ಇಳಿಯುತ್ತವೆ. ತಪ್ಪಿದರೆ ಕೆಂಪು ಗೆರೆ ಮೂಡುತ್ತದೆ. ನಾದಿನಿಯ ಪ್ರಕಾರ ಅದು ಪಲ್ಲಕ್ಕಿ ಸವಾರಿ. ಅವಳದು ಬರೀ ಎಡಿಟರ್. ಥಟ್ಟನೆ ತೆರೆಯುತ್ತದೆ, ಬರೆದದ್ದನ್ನು ಬರೆಸಿಕೊಂಡು ತೆಪ್ಪಗಿರುತ್ತದೆ. ಇಬ್ಬರೂ ಇವತ್ತು ಕೆಲಸಕ್ಕೆ ಬಂದಿದ್ದ ಆಸ್ಪತ್ರೆಯ ಈ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದೂ ಅಷ್ಟೇ.

ಹೊರಗೆ ಔಷಧಿ ಕೊಡುವ ಕಿಟಕಿಗಳ ಮುಂದೆ ಜನ ಗೊಣಗುತ್ತಿದ್ದರು. ನಾದಿನಿ ಮೊನ್ನೆ ಸರದಿ ಕರೆಯುವ ಪ್ರೋಗ್ರಾಂ ತಿದ್ದಿದ್ದಳು. ಅಂದಿನಿಂದ ನಂಬರು ತೋರಿಸುವ ಬೋರ್ಡು ಜನರನ್ನು ಮುಚ್ಚಿದ ಕಿಟಕಿಗೂ ಕರೆಯುತ್ತಿತ್ತು. ಊರುಗೋಲಿನ ಅಜ್ಜ ಒಬ್ಬರು ಆಗಲೇ ಸುಮ್ಮನೆ ಹೋಗಿ ಬಂದು ಸುಸ್ತಾಗಿದ್ದರು. ನೀವೇ ಸರಿಮಾಡಿದರೆ ಇನ್ನು ಆಸ್ಪತ್ರೆಯ ಕೆಲಸ ಪೂರ್ತಿ ನಿಮ್ಮದೇ ಎಂದು ಆಫೀಸಿನ ಮೇಲಿನವರು ಅತ್ತಿಗೆಗೆ ಹೇಳಿದ್ದರು. ಹೆಚ್ಚುಕಮ್ಮಿಯಾದರೆ ಇರಲಿ ಎಂದು ನಾದಿನಿಯನ್ನೂ ಕಳಿಸಿದ್ದರು. ಕೀಬೋರ್ಡು ಅವಳ ಕೈಗೆ ಹೋಯಿತೋ, ಆ ಕೆಲಸದ ಆಸೆಗೆ ಎಳ್ಳುನೀರು ಬಿಟ್ಟಂತೆಯೇ.

ನಾದಿನಿ ಕೀಬೋರ್ಡಿನತ್ತ ಕೈ ಚಾಚಿದಳು. ಅತ್ತಿಗೆಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಟ ಬಂತು.

"ಕೈ ತೆಗಿ," ಎಂದು ಕಣ್ಣು ಮುಚ್ಚಿದಳು. ಇಷ್ಟು ವರ್ಷ ಅದೇ ಚುಕ್ಕಿ, ಅದೇ ಪಟ್ಟಿ. ಆರಿಸಿಕೊಳ್ಳುತ್ತಿದ್ದದ್ದು ಒಂದೇ ಹೆಸರಾದರೂ, ಕಣ್ಣಿಗೆ ಬೀಳುತ್ತಿದ್ದವು ಎಲ್ಲವೂ. ನೆಕ್ಸ್ಟ್ ಎಂಬ ಹೆಸರಿನ ಕೆಳಗೇ, ಅಂಟಿಕೊಂಡಂತೆ, ಇನ್ನೊಂದು ಇರುತ್ತಿತ್ತಲ್ಲ!

"ನೀನು ಬರ್ದಿರೋದು ನೆಕ್ಸ್ಟ್. ಅದು ಯಾವ ಕಿಟಕಿಗಾದ್ರೂ ಕಳಿಸುತ್ತೆ. ಅದಕ್ಕೊಬ್ಬಳು ತಂಗಿ ಇದ್ದಾಳೆ, ನೆಕ್ಸ್ಟ್‌ಓಪನ್. ತೆರೆದ ಕಿಟಕಿಗೆ ಮಾತ್ರ ಕಳಿಸ್ತಾಳೆ. ಪರಿಚಯ ಇಲ್ವಾ?"

"ಎಲ್ಲಿದ್ದಾಳೆ? ನಾನು ನೋಡೇ ಇಲ್ಲ."

"ಬೇರೆ ಫೈಲಲ್ಲಿ. ನಂಗೆ ದಿನಾ ಸಿಗ್ತಾಳೆ, ನಾನು ಪಲ್ಲಕ್ಕೀಲಿ ಹೋಗೋಳಲ್ವಾ."

ಅತ್ತಿಗೆ ಹೆಸರು ಬರೆದಳು. ಎಚ್ಚರಿಸಲು ಕೆಂಪು ಗೆರೆ ಇರಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿದಳು. ನಡುವೆ ಇಂಗ್ಲಿಷಿನ ದೊಡ್ಡಕ್ಷರ ಇರಬೇಕಾದಲ್ಲಿ ಚಿಕ್ಕಕ್ಷರ ಬಿದ್ದಿತ್ತು, ತಿದ್ದಿದಳು. ಪ್ರೋಗ್ರಾಂ ಮತ್ತೆ ಶುರುವಾಯಿತು.

ಹೊರಗೆ ಬೋರ್ಡಿನ ಗಂಟೆ ಹೊಡೆಯಿತು. ಅಜ್ಜ ಬೋರ್ಡನ್ನು ಅನುಮಾನದಿಂದ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ಎದ್ದರು. ಅವರನ್ನು ಕರೆದ ಕಿಟಕಿ ತೆರೆದೇ ಇತ್ತು. ಒಳಗಿನಿಂದ ಒಂದು ಕೈ ಔಷಧಿಯ ಪೊಟ್ಟಣ ಹಿಡಿದು ಚಾಚಿತು. ಅತ್ತಿಗೆ ಮೇಲಿನವರಿಗೆ ಫೋನು ಮಾಡಿ, ಆಯಿತು ಎಂದಷ್ಟೇ ಹೇಳಿದಳು. ಹಿಗ್ಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು.

ರಕ್ತಪರೀಕ್ಷೆಯ ಕಿಟಕಿಗಳ ಪ್ರೋಗ್ರಾಮಿನಲ್ಲೂ ಅದೇ ತಪ್ಪಿತ್ತು. ಅತ್ತಿಗೆ ಕೀಬೋರ್ಡನ್ನು ನಾದಿನಿಯತ್ತ ತಳ್ಳಿದಳು. "ನೀನು ಮಾಡಿದ್ದು, ನೀನೇ ತಿದ್ದು."

ನಾದಿನಿ ಎಂದಿನಂತೆ ಪಟಪಟನೆ ಬರೆಯುತ್ತಾ ಹೋದಳು. ಒಂದು ಕಡೆ ಚುಕ್ಕಿ ಒತ್ತಿ, ಕೈ ಎತ್ತಿ, ಮುಂದಿನ ಹೆಸರಿಗಾಗಿ ಅತ್ತಿಗೆಯ ಮುಖ ನೋಡಿದಳು.