ಅಂಚಕ್ಕ ಮತ್ತು ಇನ್ನೂರ ನಲವತ್ತು ಎಲೆಗಳು

ಮನುಷ್ಯರನ್ನು ಮುಖ ನೋಡಿ ಗುರುತಿಸುವುದು ಲೋಕದ ವಾಡಿಕೆ. ಅಂಚಕ್ಕ ಮಾತ್ರ ಮೊದಲು ಅವರ ಅಂಚನ್ನು ನೋಡುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಎಡಗಣ್ಣನ್ನು ಅರೆಮುಚ್ಚಿ, ಕತ್ತನ್ನು ತುಸು ವಾಲಿಸಿ, ಅವರ ಕೂದಲು ಎಲ್ಲಿ ಮುಗಿದು ಹಿಂದಿನ ಗೋಡೆ ಎಲ್ಲಿ ಆರಂಭವಾಗುತ್ತದೆಂಬುದನ್ನು ಪರೀಕ್ಷಿಸಿದ ಮೇಲೆಯೇ "ಬನ್ನಿ, ಕೂತ್ಕೊಳ್ಳಿ" ಎನ್ನುವಳು. ತಂಗಿಯ ಮದುವೆಯ ಫೋಟೋಗಳು ಬಂದಾಗ ಮನೆಮಂದಿಯೆಲ್ಲ ವಧುವಿನ ಚೆಲುವನ್ನು ಕೊಂಡಾಡುತ್ತಿದ್ದರೆ, ಈಕೆ ಬಹಳ ಹೊತ್ತು ದಿಟ್ಟಿಸಿ, "ನಿನ್ನ ಕಿವಿ ಹಿಂದಿನ ಪರದೆಗೆ ಅಂಟ್ಕೊಂಡಿದೆ ಕಣೇ" ಎಂದು ನಿಟ್ಟುಸಿರಿಟ್ಟಳು. ತಂಗಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅಂಚಕ್ಕನೆಂಬ ಹೆಸರಿಟ್ಟವಳೂ ಅವಳೇ. ಆ ಹೆಸರು ಮನೆಯಿಂದ ಕಚೇರಿಗೆ ಯಾವ ದಾರಿಯಲ್ಲಿ ನಡೆದುಹೋಯಿತೋ, ಕಡೆಗೆ ಅಲ್ಲಿಯ ಹಾಜರಿ ಪುಸ್ತಕದ ಹೊರತು ಬೇರೆಲ್ಲಿಯೂ ಆಕೆಯ ನಿಜನಾಮ ಉಳಿಯಲಿಲ್ಲ.

ವೆಬ್‌ಸೈಟುಗಳಿಗೆ ಚಿತ್ರಗಳನ್ನು ಸಿದ್ಧಪಡಿಸುವುದು ಆಕೆಯ ವೃತ್ತಿ. ಬಿಳಿ ಕಾಗದದ ಮೇಲಿನ ಚಿತ್ರವನ್ನು ಬಿಡಿಸಿ ತಂದು ಕೆನೆಬಣ್ಣದ ಪುಟದ ಮೇಲಿಟ್ಟರೆ ಸುತ್ತಲೂ ಬಿಳಿಯ ಎಳೆಯೊಂದು ಉಳಿದುಬಿಡುತ್ತದೆ. ಏಕೆಂದರೆ ಅಂಚಿನ ಒಂದೊಂದು ಚುಕ್ಕಿಯೂ ಅರ್ಧ ಚಿತ್ರ, ಅರ್ಧ ಹಳೆಯ ಕಾಗದ. ಆ ಹಳೆಯ ಬಿಳುಪನ್ನು ತೆಗೆದು, ಹೊಸ ಪುಟದ ಬಣ್ಣವನ್ನು ಹದವರಿತು ಬೆರೆಸಿ, ಚಿತ್ರವು ಆ ಪುಟದಲ್ಲಿಯೇ ಹುಟ್ಟಿತೆಂಬಂತೆ ಮಾಡುವ ಕೈಚಳಕ ಆಕೆಯದು. ಫೋಟೋ ಸ್ಟುಡಿಯೋದಲ್ಲಿ ಕೂದಲೆಳೆಯ ಕುಂಚ ಹಿಡಿದು ಕಲಿತದ್ದು. ಬೇಸಗೆಯಲ್ಲಿಯೂ ಬೂದುಬಣ್ಣದ ಕೋಟು ತೊಡುತ್ತಿದ್ದಳು. ಕೇಳಿದವರಿಗೆ, "ನನ್ನ ಬಟ್ಟೆ ಬಣ್ಣ ಕಂಪ್ಯೂಟರ್ ಪರದೆ ಮೇಲೆ ಬಿದ್ರೆ ಕಣ್ಣಿಗೆ ಮೋಸ ಆಗುತ್ತೆ" ಎಂಬ ಒಂದೇ ಉತ್ತರ. ಓಣಿಯಲ್ಲಿ ನಡೆಯುವಾಗಲೂ ಗೋಡೆಯ ಪಕ್ಕಕ್ಕೇ ಸರಿದು, ಬೆರಳ ತುದಿಯಿಂದ ಗೋಡೆಯನ್ನು ಸವರುತ್ತ ಸಾಗುವುದು ಆಕೆಯ ನಡಿಗೆ.

ಒಮ್ಮೆ ಸಸ್ಯ ಸಂಗ್ರಹಾಲಯವೊಂದರಿಂದ ಇನ್ನೂರ ನಲವತ್ತು ಒಣ ಎಲೆಗಳ ಚಿತ್ರಗಳನ್ನು ಅವರ ವೆಬ್‌ಸೈಟಿಗೆ ಹೊಂದಿಸುವ ಕೆಲಸ ಬಂತು. ಹದಿನೈದು ದಿನಗಳ ಗಡುವು. ಆಕೆಗಿಂತ ಇಪ್ಪತ್ತು ವರ್ಷ ಕಿರಿಯನಾದ ಮ್ಯಾನೇಜರು ಅಂಚುಗಳನ್ನು ತಾನಾಗಿಯೇ ಮಸುಕಾಗಿಸುವ ಕಂಪ್ಯೂಟರ್ ಉಪಕರಣವೊಂದನ್ನು ಓಡಿಸಿ, ಊಟದ ನಂತರ ಕುಳಿತವನು ಸಂಜೆಯ ಚಹಾದ ವೇಳೆಗೆ ಕೆಲಸ ಮುಗಿಸಿಯೇಬಿಟ್ಟ.

"ನೋಡಿ ಅಕ್ಕಾ, ಎಲ್ಲಾದ್ರೂ ಬಿಳಿ ಕಾಣುತ್ತಾ?"

"ಬಿಳಿ ಕಾಣಲ್ಲ. ಎಲೆನೂ ಕಾಣಲ್ಲ."

"ಎಷ್ಟು ಚೆನ್ನಾಗಿ ಬೆರೆತಿದೆಯಲ್ಲಾ!"

"ಬೆರೆಸು ಅಂದ್ರೆ ಸವೆಸು ಅಂತಲ್ಲಪ್ಪಾ."

ಅವನು ನಕ್ಕ. ಬೇಕಿದ್ದರೆ ನಿಮ್ಮ ರೀತಿಯಲ್ಲೂ ಮಾಡಿ, ಗಡುವು ಮೀರಿದರೆ ನಾನು ಮಾಡಿದ್ದನ್ನೇ ಕಳಿಸುತ್ತೇನೆ ಎಂದ. ಅಂಚಕ್ಕ ದಿನಕ್ಕೆ ಹದಿನಾರು ಎಲೆಗಳಂತೆ ಲೆಕ್ಕ ಹಾಕಿಕೊಂಡು ಕುಳಿತಳು. ಹನ್ನೊಂದನೆಯ ದಿನ ಕಣ್ಣು ಊದಿಕೊಂಡಿತು. ಒದ್ದೆಬಟ್ಟೆ ಹಿಂಡಿ ಕೊಟ್ಟ ಗಂಡ, "ಅಷ್ಟು ಹತ್ತಿರದಿಂದ ಯಾರೇ ನೋಡ್ತಾರೆ ಅದನ್ನ?" ಎಂದ.

"ನಾನು ನೋಡ್ತೀನಲ್ಲ."

ಹದಿನಾರನೆಯ ದಿನ ಸಂಗ್ರಹಾಲಯದ ಮುಖ್ಯಸ್ಥರು, ಮೆಚ್ಚುಗೆಯ ಮಾತಿನಲ್ಲಿ ಬಲು ಜಿಪುಣರೆಂದು ಹೆಸರಾದ ವೃದ್ಧ ಸಸ್ಯಶಾಸ್ತ್ರಜ್ಞರು, ಎಲೆಗಳ ಪೆಟ್ಟಿಗೆಯನ್ನೂ ಹೊತ್ತು ತಂದರು. ಮ್ಯಾನೇಜರು ಮೊದಲು ತನ್ನದನ್ನೇ ತೆರೆದ. ಅವರು ಒಂದೇ ಎಲೆ ನೋಡಿದರು.

"ಕೆಳಗೆ ಬರೆದಿರೋ ಹೆಸರು ಸರಿ. ಎಲೆ ಇದಲ್ಲ."

"ಅದೇ ಎಲೆ ಸರ್."

"ಇದರ ಅಂಚಿಗೆ ಗರಗಸದ ಹಾಗೆ ಹಲ್ಲಿರುತ್ತೆ, ಇದರ ಸೋದರಜಾತಿಗೆ ಇರಲ್ಲ. ಎರಡಕ್ಕೂ ಇರೋ ವ್ಯತ್ಯಾಸ ಅದೊಂದೇ. ಅದನ್ನೇ ನುಂಗಿ ಕೂತಿದ್ದೀರಲ್ಲ!"

ಅವರು ಪೆಟ್ಟಿಗೆ ಮುಚ್ಚಲು ಕೈಯಿಟ್ಟರು. ಕೆಲಸ ಕೈಬಿಟ್ಟುಹೋಯಿತೆಂದು ಮ್ಯಾನೇಜರನ ಮುಖ ಬಿಳಿಚಿತು. ಆಗ ಅಂಚಕ್ಕ ಮುಂದೆ ಬಾಗಿ ತನ್ನ ಪುಟವನ್ನು ತೆರೆದಳು.

ವೃದ್ಧರು ನಿಜವಾದ ಎಲೆಯನ್ನು ಪರದೆಯ ಪಕ್ಕಕ್ಕೆ ಹಿಡಿದು, ಬೆರಳು ಮಡಚುತ್ತ ಎಣಿಸಿದರು. ಇಲ್ಲಿ ಹತ್ತೊಂಬತ್ತು, ಅಲ್ಲಿ ಹತ್ತೊಂಬತ್ತು. ಏಳನೆಯ ಹಲ್ಲಿನ ಬಳಿ ಬೆರಳು ನಿಂತಿತು.

"ಈ ಮುರಿದದ್ದನ್ನೂ ಬಿಟ್ಟಿಲ್ಲ... ಎಲೆನ ಕಾಗದದ ನಡುವೆ ಒತ್ತಿಡುವಾಗ ನನ್ನ ಉಗುರು ತಾಗಿ ಮುರಿದದ್ದು ಇದು. ಮೂವತ್ತೆರಡು ವರ್ಷ ಆಯ್ತು." ಅವರ ಧ್ವನಿ ಇಳಿದಿತ್ತು. "ಯಾವ ಯಂತ್ರ ರೀ ಮಾಡಿದ್ದು?"

"ಯಂತ್ರ ಅಲ್ಲ ಸರ್," ಎಂದ ಮ್ಯಾನೇಜರು, "ನಮ್ಮಕ್ಕ."

ಅಂಚಕ್ಕ ವಿನಯದಿಂದ ತಲೆ ತಗ್ಗಿಸಲಿಲ್ಲ. ಬೆನ್ನು ನೇರ ಮಾಡಿ, ವೃದ್ಧರಿಗೆ ಕುರ್ಚಿಯೊಂದನ್ನು ಎಳೆದುಕೊಟ್ಟು, "ಇನ್ನೂ ಇನ್ನೂರ ಮೂವತ್ತೊಂಬತ್ತಿವೆ. ಎಣಿಸಿ ಸರ್" ಎಂದಳು. ಅವರು ಎಣಿಸಿದರು, ಅದೊಂದೇ ದಿನವಲ್ಲ, ಮೂರು ದಿನ ಬಂದು, ಎಲ್ಲವನ್ನೂ. ತಪ್ಪು ಸಿಗಲಿಲ್ಲ.

ಒಂದನ್ನು ಇನ್ನೊಂದರೊಡನೆ ಹೊಂದಿಸುವವರು ಲೋಕದಲ್ಲಿ ಅನೇಕರಿದ್ದಾರೆ. ಹೊಂದಿಸುವ ಭರದಲ್ಲಿ ಒರಟನ್ನು ತಿಕ್ಕಿ, ಮೊನೆಯನ್ನು ಮುರಿದು, ಎಲ್ಲವೂ ನಯವಾಯಿತೆಂದು ಸಂತೋಷಪಡುವವರೇ ಅವರಲ್ಲಿ ಹೆಚ್ಚು. ಯಾವುದರ ಸ್ವಭಾವವನ್ನೂ ಕಳೆಯದೆ ಅದಕ್ಕೊಂದು ನೆಲೆ ಒದಗಿಸಬಲ್ಲವರು ವಿರಳ. ಅಂಥವರು ನಮ್ಮ ನಡುವೆಯೇ ಇದ್ದು, ಹೆಸರಿಲ್ಲದ ಕೆಲಸವನ್ನು ಹಟದಿಂದ ಮಾಡುತ್ತ, ತಮ್ಮಷ್ಟಕ್ಕೆ ತಾವು ಹೆಮ್ಮೆಪಡುತ್ತಾರೆ. ಆ ಹೆಮ್ಮೆಯನ್ನು ಅಹಂಕಾರವೆಂದು ಕರೆಯುವವರು ಒಮ್ಮೆಯಾದರೂ ಅವರಷ್ಟು ಹತ್ತಿರ ಹೋಗಿ ನೋಡಲಿ.